ಇಟಿಎಫ್ ರಿಸರ್ಚ್‌ಗೆ ಯಾವ ಸರ್ವೀಸ್ ತಗೊಳ್ಳಲಿ? ದುಡ್ಡು ಕೊಡೋದು ಬೇಕಾ?

ಇಟಿಎಫ್ (ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಂಡು ಮಾರೋ ಫಂಡ್) ಬಗ್ಗೆ ಮಾಹಿತಿ ಕೊಡೋ ಮೂರು ಸರ್ವೀಸ್‌ಗಳ ಫ್ರೀ ಟ್ರಯಲ್ ನೋಡಿದೆ, ಒಂದೇ ಫಂಡ್‌ಗೆ ಮೂರೂ ಬೇರೆ ಬೇರೆ ರೇಟಿಂಗ್ ಕೊಡುತ್ತಿವೆ, ಯಾವುದನ್ನ ನಂಬಲಿ ಅಂತ ಕೇಳಿದ್ದೀರಿ.

ಮೊದಲು, ಆ ರೇಟಿಂಗ್ ಏನನ್ನು ಅಳೆಯುತ್ತಿದೆ ಅಂತ ನೋಡಿ. ಫಂಡ್‌ಗಳಿಗೆ ರೇಟಿಂಗ್ ಕೊಡೋ ಮಾರ್ನಿಂಗ್‌ಸ್ಟಾರ್ ಕಂಪನಿ ಒಂದನ್ನೇ ತಗೊಳ್ಳಿ. ಅದರ ಸ್ಟಾರ್‌ಗಳು ಹಿಂದಿನ ಲೆಕ್ಕ: ಕನಿಷ್ಠ 3 ವರ್ಷದ ಗಳಿಕೆಯನ್ನು ರಿಸ್ಕ್ ಜೊತೆ ಸೇರಿಸಿ ತೂಗಿ, ಅದೇ ಬಗೆಯ ಫಂಡ್‌ಗಳಲ್ಲಿ ಮೇಲಿನ ಶೇ. 10ಕ್ಕೆ 5 ಸ್ಟಾರ್ ಕೊಡುತ್ತಾರೆ. ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ಇರೋದು ಮುಂದೆ ಹೇಗಿರಬಹುದು ಅನ್ನೋ ಅಂದಾಜು. ಒಂದೇ ಕಂಪನಿಯೊಳಗೇ ಎರಡು ಉತ್ತರ ಬರಬಹುದು, ಅಲ್ವಾ?

ಸಾಮಾನ್ಯ ಇಂಡೆಕ್ಸ್ ಇಟಿಎಫ್‌ಗೆ (ಒಂದು ಇಂಡೆಕ್ಸ್, ಅಂದರೆ ಷೇರು ಅಥವಾ ಬಾಂಡ್‌ಗಳ ನಿಗದಿತ ಪಟ್ಟಿಯನ್ನ ಹಾಗೇ ಅನುಸರಿಸೋ ಫಂಡ್) ನಾನು ಸ್ಟಾರ್ ನೋಡೋದೇ ಇಲ್ಲ. ವರ್ಷದ ಶುಲ್ಕ ಎಷ್ಟು, ಇಂಡೆಕ್ಸ್‌ಗಿಂತ ಎಷ್ಟು ಹಿಂದೆ ಬಿದ್ದಿದೆ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಎಷ್ಟು ಅಂತರ, ಇಷ್ಟು ಸಾಕು. ಆ ಅಂತರವನ್ನ ತುಂಬಾ ಜನ ಬಿಟ್ಟುಬಿಡುತ್ತಾರೆ. 100.40ಕ್ಕೆ ಕೊಂಡದ್ದನ್ನ ಆಗಲೇ ಮಾರಿದರೆ 99.60 ಸಿಗುತ್ತೆ ಅಂದರೆ, ಶೇ. 0.8ರಷ್ಟು ಅಲ್ಲೇ ಹೋಯಿತು. ಅಮೆರಿಕದ ವ್ಯಾನ್‌ಗಾರ್ಡ್ ಕಂಪನಿಯ ವಿಒಒ ಅನ್ನೋ ಇಂಡೆಕ್ಸ್ ಫಂಡ್‌ಗೆ ವರ್ಷದ ಶುಲ್ಕವೇ ಶೇ. 0.03, ಹೋಲಿಸಿ ನೋಡಿ. ಸರ್ವೀಸ್‌ಗೆ ಕಟ್ಟೋ ದುಡ್ಡನ್ನೂ ಹೀಗೇ ನಿಮ್ಮ ಒಟ್ಟು ಹೂಡಿಕೆಯ ಎಷ್ಟು ಪಾಲು ಅಂತ ಲೆಕ್ಕ ಹಾಕಿ. ಹೂಡಿಕೆ ಚಿಕ್ಕದಿದ್ದರೆ ಅದೇ ಶೇ. 1 ದಾಟಿಬಿಡುತ್ತೆ.

ನಾನು ಒಮ್ಮೆ ಒಂದು ದುಬಾರಿ ಸರ್ವೀಸ್‌ಗೆ ಇಡೀ ವರ್ಷದ ದುಡ್ಡು ಕಟ್ಟಿದ್ದೆ. ಚೆಂದದ ಚಾರ್ಟು, ವಾರಕ್ಕೊಂದು ಕೊಳ್ಳಬೇಕಾದ ಫಂಡ್‌ಗಳ ಪಟ್ಟಿ. ಒಂದು ದಿನ ಸುಮ್ನೆ ನನ್ನದೇ ಫಂಡ್‌ನ ಹೋಲ್ಡಿಂಗ್ಸ್ ಪಟ್ಟಿಯನ್ನ (ಫಂಡ್ ಯಾವ ಯಾವ ಕಂಪನಿಗಳ ಷೇರು ಇಟ್ಟುಕೊಂಡಿದೆ ಅನ್ನೋದು) ಅಲ್ಲಿಂದಲೂ, ಫಂಡ್ ಕಂಪನಿಯ ಸೈಟಿನಿಂದಲೂ ತೆಗೆದು ಅಕ್ಕಪಕ್ಕ ಇಟ್ಟೆ. ಸರ್ವೀಸ್‌ನ ಪಟ್ಟಿಯಲ್ಲಿ ಏಳನೇ ಸಾಲಿನಲ್ಲಿದ್ದ ಕಂಪನಿ ಫಂಡ್‌ನಿಂದ ಹೊರಬಿದ್ದು ತಿಂಗಳುಗಳೇ ಆಗಿದ್ದವು! ತುಂಬಾ ಬೇಜಾರಾಯಿತು, ಆ ಹಳೇ ಪಟ್ಟಿ ನಂಬಿಕೊಂಡೇ ನಾನು ಇನ್ನೊಂದು ಫಂಡ್ ಕೊಂಡಿದ್ದೆ. ನೀವೂ ಟ್ರಯಲ್ ಇರುವಾಗಲೇ ಇದನ್ನ ಮಾಡಿ, ಹತ್ತು ನಿಮಿಷದ ಕೆಲಸ, ಪಟ್ಟಿಯ ಮೇಲಿರೋ ತಾರೀಖನ್ನೂ ನೋಡಿ.

ನಿಮ್ಮ ಹತ್ತಿರ ನಾಲ್ಕೈದು ದೊಡ್ಡ ಇಂಡೆಕ್ಸ್ ಫಂಡ್ ಮಾತ್ರ ಇದ್ದರೆ ದುಡ್ಡು ಕೊಡಲೇಬೇಡಿ. ಯುರೋಪಿನ ಫಂಡ್‌ಗಳಿಗೆ ಜಸ್ಟ್‌ಇಟಿಎಫ್, ಅಮೆರಿಕದವಕ್ಕೆ ಇಟಿಎಫ್‌ಡಿಬಿ ಅನ್ನೋ ವೆಬ್‌ಸೈಟು, ಜೊತೆಗೆ ಫಂಡ್ ಕಂಪನಿಯ ಸ್ವಂತ ಸೈಟು, ಅಷ್ಟರಲ್ಲೇ ಬೇಕಾದದ್ದು ಸಿಗುತ್ತೆ. ಬಾಂಡ್ (ಸಾಲಪತ್ರ) ಫಂಡ್, ಒಂದೇ ವಿಷಯದ ಕಂಪನಿಗಳನ್ನ ಸೇರಿಸಿದ ಥೀಮ್ ಫಂಡ್ ಜಾಸ್ತಿ ಇದ್ದರೆ ಮಾತ್ರ ವಿಶ್ಲೇಷಕರು ಬರೆಯೋ ವರದಿಗೆ ಬೆಲೆ ಇದೆ, ಅಲ್ಲಿ ಇಂಡೆಕ್ಸ್ ಕಟ್ಟಿರೋ ರೀತಿಯೇ ದೊಡ್ಡ ವ್ಯತ್ಯಾಸ ಮಾಡುತ್ತೆ. ಹಾಗೆ ಕೊಳ್ಳೋದಾದರೂ ತಿಂಗಳ ಪ್ಲಾನ್ ತಗೊಳ್ಳಿ, ವರ್ಷದ್ದು ಬೇಡ. ಟ್ರಯಲ್‌ಗೆ ಕಾರ್ಡ್ ನಂಬರ್ ಕೊಟ್ಟಿದ್ದರೆ ಮೂರರಲ್ಲೂ ಆಟೋ ರಿನ್ಯೂವಲ್ ಇವತ್ತೇ ಆಫ್ ಮಾಡಿ.