ಪೂರ್ತಿ ಕೇಳಿ, ಆಮೇಲೆ ಮಾತಾಡಿ

ಪತ್ರ: ಅಮೆರಿಕದ ರೆವರೆಂಡ್ ಹಾರ್ಟನ್ ಹೀಟ್ ಎಂಬ ಸಂಗೀತ ತಂಡದ 1993ರ ಆಲ್ಬಂ ಕೇಳಿ ನನಗೆ ಹುಚ್ಚು ಹಿಡಿದಂತಾಗಿದೆ. ಇದನ್ನು ಸೈಕೋಬಿಲಿ ಅಂತಾರೆ. ಆದರೆ ರೂಮಿನ ಗೆಳೆಯರಲ್ಲಿ ಒಬ್ಬ ‘ತಲೆನೋವು’ ಅಂದ, ಇನ್ನೊಬ್ಬ ‘ಎಲ್ಲಾ ಹಾಡೂ ಒಂದೇ ಥರ’ ಅಂದ. ನಮ್ಮ ಮಾವ ‘ಇದರಲ್ಲಿ ಸಂಗೀತ ಎಲ್ಲಿದೆಯೋ?’ ಅಂದರು. ಇಷ್ಟು ಜನ ಹೇಳುವಾಗ ನನ್ನ ಕಿವಿಯೇ ಸರಿ ಇಲ್ಲವಾ?
– ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ಆ ರೂಮಿನಲ್ಲಿ ಆಲ್ಬಂ ಪೂರ್ತಿ ಕೇಳಿದವರು ನೀವೊಬ್ಬರೇ ಇರಬೇಕು ಅಂತ ನನ್ನ ಅನುಮಾನ.

‘ಒಂದೇ ಥರ’ ಅನ್ನುವ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಒಪ್ಪುತ್ತೇನೆ. ಗಿಟಾರ್, ಬೇಸ್, ಡ್ರಮ್ಸ್, ಮೂರೇ ಜನ. ಸಾಹಿತ್ಯ ಹುಡುಕಿಕೊಂಡು ಹೋದವರಿಗೆ ಕುಡಿತ, ಸೈತಾನ ಇಂಥವೇ ಜಾಸ್ತಿ ಸಿಗುತ್ತವೆ. ಆಯಿತು, ಅವರ ಪಾಲಿನ ನ್ಯಾಯ ಅಷ್ಟೇ.

ಈಗ ಬೇಸ್ ಕೇಳಿ. ಈ ತಂಡದ ಜಿಂಬೊ ವಾಲೇಸ್ ನುಡಿಸುವುದು ಆಳೆತ್ತರದ ಮರದ ಡಬಲ್ ಬೇಸ್. ಪಾಶ್ಚಾತ್ಯ ಶಾಸ್ತ್ರೀಯ ಕಛೇರಿಗಳಲ್ಲಿ ಹೆಚ್ಚಾಗಿ ಕಮಾನು ಹಿಡಿದು ನುಡಿಸುವ ವಾದ್ಯ. ಇಲ್ಲಿ ತಂತಿಯನ್ನು ಎಳೆದು ಬಿಡುತ್ತಾರೆ, ಅದು ಮರಕ್ಕೆ ಬಡಿದು ‘ಚಟ್’ ಅನ್ನುತ್ತದೆ. ಹಿಂದೆಯೇ ಅಂಗೈ ಏಟು. ಸ್ವರವೂ ತಾಳವೂ ಒಂದೇ ಕೈಯಿಂದ! 1954ರಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ಸಿಂಗಲ್ ರೆಕಾರ್ಡ್ ಆದಾಗ ಡ್ರಮ್ಸೇ ಇರಲಿಲ್ಲ. ಜೊತೆಗಿದ್ದ ಬಿಲ್ ಬ್ಲ್ಯಾಕ್ ಬೇಸಿನ ತಂತಿ ಬಡಿದೇ ಆ ಜಾಗ ತುಂಬಿದರು. ಅದು ರಾಕಬಿಲಿ, ರಾಕ್ ಅಂಡ್ ರೋಲ್ ಸಂಗೀತದ ಮೊದಮೊದಲ ರೂಪ. ಮುಂದೆ ನ್ಯೂಯಾರ್ಕಿನ ದಿ ಕ್ರ್ಯಾಂಪ್ಸ್, 1980ರಲ್ಲಿ ಹುಟ್ಟಿದ ಲಂಡನ್ನಿನ ದಿ ಮೀಟಿಯರ್ಸ್ ತಂಡದವರು ಅದಕ್ಕೆ ಪಂಕ್ ಅನ್ನುವ ಒರಟು ರಾಕ್ ಸಂಗೀತದ ವೇಗವನ್ನೂ ದೆವ್ವದ ಸಿನಿಮಾಗಳ ವೇಷವನ್ನೂ ಕೂಡಿಸಿದರು. ಅದೇ ಸೈಕೋಬಿಲಿ. ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಜಿಮ್ ಹೀತ್ ಅದೇ ದಾರಿ ಹಿಡಿದು ಈ ತಂಡ ಕಟ್ಟಿದವರು. ಆಲ್ಬಂನಲ್ಲಿ ಬರೀ ಓಟ ಇಲ್ಲ, ಬ್ಲೂಸ್ ನಡೆಯ ಹಾಡೂ ಇದೆ. ಅದು ಬರುವ ತನಕ ಗೆಳೆಯರು ಕೂತಿದ್ದರಾ, ಕೇಳಿ ನೋಡಿ.

ಇನ್ನು ನಿಮ್ಮ ಮಾವ. ಚಿತ್ರದುರ್ಗದ ಕಡೆಯ ಉರುಮೆಯನ್ನು ಅವರು ಖಂಡಿತ ಕೇಳಿರುತ್ತಾರೆ. ಬಾಗಿದ ಕಡ್ಡಿಯಿಂದ ಚರ್ಮ ಉಜ್ಜಿ ‘ಗುಂಯ್’ ಅನ್ನಿಸುತ್ತಾರಲ್ವಾ, ಅದು. ಜಾತ್ರೆಯಲ್ಲಿ ಆ ಸದ್ದು ಏರುವಾಗ ಇದರಲ್ಲಿ ರಾಗ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಮೈ ಮೊದಲು ಒಪ್ಪಿಕೊಳ್ಳುತ್ತದೆ. ಡೊಳ್ಳಿನವರು ಭಾರ ಹೊತ್ತು ಕುಣಿಯುತ್ತಾ ತಾಳ ತಪ್ಪದೆ ವೇಗ ಏರಿಸುತ್ತಾರೆ. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ನಿಧಾನವಾಗಿ ಹಾಡಿದರೆ ವಿದ್ಯೆ, ಜೋರಾಗಿ ಬಾರಿಸಿದರೆ ಗದ್ದಲ ಅನ್ನುವ ಈ ತಾರತಮ್ಯ ನನಗೆ ಸಹಿಸಲು ಆಗುವುದಿಲ್ಲ. ಕೈಬೆವರಿನ ಸಂಗೀತವನ್ನು ನಮ್ಮಲ್ಲಿ ಯಾವತ್ತೂ ಒಂದು ಮೆಟ್ಟಿಲು ಕೆಳಗೇ ಕೂರಿಸಿದ್ದಾರೆ.

ಒಂದು ಮುಖ್ಯ ಪ್ರಶ್ನೆ. ನೀವು ಅವರಿಗೆಲ್ಲ ಕೇಳಿಸಿದ್ದು ಮೊಬೈಲಿನಲ್ಲೇ? ಹಾಗಿದ್ದರೆ ತಪ್ಪು ಮೊಬೈಲಿನದು. ಡಬಲ್ ಬೇಸಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಮೊಬೈಲಿನ ಪುಟಾಣಿ ಸ್ಪೀಕರಿನಲ್ಲಿ ಅದು ಏಳುವುದೇ ಇಲ್ಲ. ಕೆಳಗಿನ ಸ್ವರ ಹೋಗಿ ಮೇಲಿನ ಚಟಚಟ ಮಾತ್ರ ಉಳಿದರೆ ತಲೆನೋವು ಬರದೆ ಇನ್ನೇನು?

ಈಗ ಅಭಿಪ್ರಾಯ ಹೇಳಲು ಅರ್ಧ ನಿಮಿಷ ಸಾಕಾಗಿದೆ. ಹಾಡು ಶುರುವಾಗುವ ಮೊದಲೇ ಬೆರಳು ಮುಂದಿನದಕ್ಕೆ ಹೋಗುತ್ತದೆ. ಅದೇ ಜನ ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗಿಸುವ ಡಿಜೆ ಬಾಕ್ಸ್‌ಗಳ ಮುಂದೆ ರಾತ್ರಿಯಿಡೀ ಕುಣಿಯುತ್ತಾರೆ, ಆಗ ಯಾರಿಗೂ ತಲೆನೋವಿಲ್ಲ. ಡೊಳ್ಳು, ಸಮಾಳದವರನ್ನು ಕರೆಸಿ, ಎರಡು ಫೋಟೊ ತೆಗೆಸಿ, ಬದಿಗೆ ನಿಲ್ಲಿಸುವುದನ್ನು ನಮ್ಮೂರಲ್ಲೇ ನೋಡುತ್ತಿದ್ದೇನೆ. ಬಾರಿಸುವ ಮನುಷ್ಯ ಕಣ್ಣೆದುರು ಇದ್ದರೂ ಪೆಟ್ಟಿಗೆಯೇ ಬೇಕು ಅಂತಾರೆ. ಇದಕ್ಕೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ನಿಮ್ಮ ಮೇಲೂ ಒಂದು ದೂರಿದೆ. ನಾಲ್ಕು ಜನ ಬೇಡ ಅಂದ ಕೂಡಲೇ ಸಂಪಾದಕರಿಗೆ ಕಾಗದ ಬರೆದಿರಿ. ಅದರ ಬದಲು ‘ಕೂತ್ಕೊಳ್ರೋ, ಈ ಬೇಸ್ ಕೇಳ್ರೋ’ ಅಂತ ಜಗಳ ಆಡಬಾರದಿತ್ತೇ? ಭಾನುವಾರ ಒಂದು ಒಳ್ಳೆಯ ಸ್ಪೀಕರ್ ಸೆಟ್ ಎರವಲು ತನ್ನಿ. ಮಾವನವರಿಗೆ ಮೊದಲು 1954ರ ಎಲ್ವಿಸ್ ಹಾಕಿ, ಆಮೇಲೆ ಇದನ್ನು. ಅವರು ಏನೆಂದರು ಬರೆಯಿರಿ. ಬೈದರೂ ಸರಿ, ಅಚ್ಚು ಹಾಕುತ್ತೇನೆ. ಆದರೆ ಪೂರ್ತಿ ಕೇಳಿ ಬೈದಿರಬೇಕು.