45ನೇ ವಯಸ್ಸಿನಲ್ಲಿ ಜಾರ್ಜ್ ಫೋರ್ಮನ್ ಮತ್ತೆ ಹೆವಿವೇಟ್ ಚಾಂಪಿಯನ್ ಆದದ್ದು ಬರೀ ಅದೃಷ್ಟವೇ?

ಅದೃಷ್ಟ ಅನ್ನುವವರು ಸಾಮಾನ್ಯವಾಗಿ ಹತ್ತನೇ ಸುತ್ತಿನ ಪುಟ್ಟ ಕ್ಲಿಪ್ ಮಾತ್ರ ನೋಡಿರುತ್ತಾರೆ. 1994ರ ನವೆಂಬರ್ 5, ಲಾಸ್ ವೇಗಸ್‌ನ ಎಂಜಿಎಂ ಗ್ರ್ಯಾಂಡ್. ಫೋರ್ಮನ್‌ಗೆ 45, ಚಾಂಪಿಯನ್ ಮೈಕೆಲ್ ಮೂರರ್‌ಗೆ 26. ಒಂಬತ್ತು ಸುತ್ತು ಮೂರರ್ ಹೊಡೆದ, ಕೊನೆಗೆ ಮುದುಕನ ಒಂದೇಟು ತಗುಲಿತು, ಮುಗೀತು. ಕ್ಲಿಪ್ ನೋಡಿದರೆ ಹಾಗೇ ಕಾಣುತ್ತೆ. ನಾನಂತೂ ಅದನ್ನು ಅದೃಷ್ಟ ಅನ್ನಲಾರೆ.

ಮೊದಲು 1974ರ ಫೋರ್ಮನ್‌ನನ್ನು ನೋಡಿ. 1968ರ ಮೆಕ್ಸಿಕೋ ಒಲಿಂಪಿಕ್ಸ್ ಚಿನ್ನ, 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿ ಪಟ್ಟ. ಮುಹಮ್ಮದ್ ಅಲಿ ಎದುರು ಆಫ್ರಿಕಾದ ಕಿನ್ಶಾಸಾಕ್ಕೆ ಹೋಗುವಾಗ 40 ಪಂದ್ಯ, 40 ಗೆಲುವು. ಆದರೆ ಅದಕ್ಕೂ ಮುಂಚಿನ ಎಂಟು ಪಂದ್ಯಗಳಲ್ಲಿ ಒಂದೂ ಎರಡನೇ ಸುತ್ತು ದಾಟಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ದಮ್ಮು ಉಳಿಸಿಕೊಂಡು ಆಡುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ಅಲಿ ಸಡಿಲ ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ, ಪಕ್ಕೆ ಮುಚ್ಚಿಕೊಂಡು ನಿಂತ. ಫೋರ್ಮನ್ ಆ ಸೆಕೆಯಲ್ಲಿ ಅಗಲವಾಗಿ ಕೈ ಬೀಸಿ ಬೀಸಿ ದಣಿದ. ಎಂಟನೇ ಸುತ್ತಿನಲ್ಲಿ ಕೆಳಗೆ ಬಿದ್ದ, ಪಟ್ಟ ಹೋಯಿತು. 1977ರಲ್ಲಿ ಜಿಮ್ಮಿ ಯಂಗ್ ಎದುರೂ ಸೋತು, ಆಟ ಬಿಟ್ಟು ಪಾದ್ರಿಯಾದ.

ಹತ್ತು ವರ್ಷದ ನಂತರ, 1987ರಲ್ಲಿ, ವಾಪಸ್ ಬಂದವನು ಬೇರೆಯೇ ಬಾಕ್ಸರ್. ಆರಂಭದಲ್ಲಿ ಎದುರಾದವರು ಹೆಚ್ಚಾಗಿ ಸಾಧಾರಣ ಆಟಗಾರರು. ಅದಕ್ಕೆ ಜನ ನಕ್ಕರು, ನಗುವಂಥದ್ದೂ ಇತ್ತು ಬಿಡಿ. ಆದರೆ ನಿಂತುಹೋದ ಲಯ ಹಿಡಿಯಲು ಅದೇ ದಾರಿ. 1991ರಲ್ಲಿ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ನಿಲ್ಲುವ ಹೊತ್ತಿಗೆ ಸತತ 24 ಗೆಲುವು ಕೂಡಿತ್ತು. ಅಲ್ಲಿ ಸೋತರೂ 12 ಸುತ್ತೂ ನಿಂತ. ಎರಡು ಸುತ್ತಿಗೆ ಕೆಲಸ ಮುಗಿಸುತ್ತಿದ್ದ ಹಳೇ ಫೋರ್ಮನ್‌ಗೆ ಹೋಲಿಸಿದರೆ ಇದೇ ದೊಡ್ಡ ಬದಲಾವಣೆ.

ಬದಲಾದದ್ದು ಏನೇನು? ಬೀಸು ಏಟು ಕಡಿಮೆಯಾಗಿ, ಎಡಗೈ ಜ್ಯಾಬ್ ಮುಖ್ಯ ಅಸ್ತ್ರವಾಯಿತು. ಜ್ಯಾಬ್ ನೇರ ಹೋಗಿ ನೇರ ಬರುತ್ತೆ, ದಣಿವು ಕಡಿಮೆ. ರಕ್ಷಣೆಗೆ ಎರಡೂ ಮುಂಗೈಗಳನ್ನು ಮುಖದ ಮುಂದೆ ಅಡ್ಡಡ್ಡ ಹಿಡಿಯುವ ಕ್ರಮ, ಹಳೇ ಕಾಲದ ಚಾಂಪಿಯನ್ ಆರ್ಚಿ ಮೂರ್ ಆಡುತ್ತಿದ್ದ ಹಾಗೆ. ಕಾಲು ನಿಧಾನವಾದವನಿಗೆ ಇದು ಹೇಳಿ ಮಾಡಿಸಿದ್ದು, ಏಟು ತಪ್ಪಿಸಲು ಓಡಬೇಕಿಲ್ಲ. ಸುತ್ತುಗಳ ನಡುವೆ ಸ್ಟೂಲ್ ಮೇಲೆ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದ. ತೂಕ ಮಾತ್ರ ಅಲಿ ಕಾಲದ ಸುಮಾರು 100 ಕೆಜಿಯಿಂದ 113 ಕೆಜಿಗೆ ಏರಿತ್ತು.

ಈಗ ಮೂರರ್ ವಿಷಯ. ಅವನು ಎಡಗೈ ಬಾಕ್ಸರ್, ಅಂದರೆ ಬಲಗಾಲು ಬಲಗೈ ಮುಂದಿಟ್ಟು ನಿಲ್ಲುವವನು. ಬಲಗೈ ಬಾಕ್ಸರ್ ಎದುರು ಹೀಗೆ ನಿಂತಾಗ ಇಬ್ಬರ ಮುಂದಿನ ಪಾದಗಳು ಒಂದೇ ಗೆರೆಗೆ ಬರುತ್ತವೆ. ಆಗ ಎದುರಾಳಿಯ ನೇರ ಬಲಗೈಗೆ ಅವನ ಎರಡು ಗ್ಲೌಸ್‌ಗಳ ನಡುವೆ ದಾರಿ ಸಿಗುತ್ತೆ. ಅದಕ್ಕೇ ಎಡಗೈ ಬಾಕ್ಸರ್ ತನ್ನ ಬಲಕ್ಕೆ ಸರಿಯುತ್ತಾ, ಮುಂಗಾಲನ್ನು ಎದುರಾಳಿಯ ಮುಂಗಾಲಿನ ಹೊರಗಿಡಬೇಕು. ಎದುರಿಗೇ ನಿಂತರೆ ಅಪಾಯ. ತರಬೇತುದಾರ ಟೆಡ್ಡಿ ಅಟ್ಲಾಸ್ ಇದನ್ನು ಹೇಳದೇ ಬಿಟ್ಟಿರಲಿಲ್ಲ. ಆದರೆ ತನ್ನ ಏಟುಗಳೆಲ್ಲ ತಾಗುತ್ತಿದ್ದಾಗ ಯಾರಿಗೆ ಸರಿಯುವ ಮನಸ್ಸಾಗುತ್ತೆ? ಮೂರರ್ ನಿಂತ.

ಅಂಕ ನೋಡಿದರೆ ಫೋರ್ಮನ್‌ನ ಸ್ಥಿತಿ ಸ್ಪಷ್ಟವಾಗುತ್ತೆ. ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಒಂಬತ್ತು ಸುತ್ತಾದಾಗ ಇಬ್ಬರು ತೀರ್ಪುಗಾರರ ಬಳಿ ಮೂರರ್ 88-83, ಮೂರನೆಯವರ ಬಳಿ 86-85. ಅಂದರೆ ಆ ಇಬ್ಬರ ಲೆಕ್ಕದಲ್ಲಿ ಮೂರರ್ ಏಳು ಸುತ್ತು ಗೆದ್ದಾಗಿತ್ತು. ಉಳಿದ ಮೂರನ್ನೂ ಫೋರ್ಮನ್ 10-9 ರಂತೆ ಗೆದ್ದಿದ್ದರೂ 115-113ಕ್ಕೆ ಸೋಲುತ್ತಿದ್ದ. ಕೆಡವದೆ ಬೇರೆ ಗತಿ ಇರಲಿಲ್ಲ.

ಹತ್ತನೇ ಸುತ್ತಿನಲ್ಲಿ ಮೊದಲು ಎಡ-ಬಲ ಎರಡೇಟು ತಾಗಿತು, ಮೂರರ್ ಆಗಲೂ ಸ್ಥಳ ಬಿಡಲಿಲ್ಲ. ಮತ್ತೆ ಎಡ, ಅದರ ಬೆನ್ನಿಗೇ ಬಲಗೈ, ಈ ಸಲ ಗದ್ದಕ್ಕೆ. ದೂರದಿಂದ ಬೀಸಿದ್ದಲ್ಲ, ಗಿಡ್ಡ ಏಟು. ಮೂರರ್ ಅಂಗಾತ ಬಿದ್ದ, ರೆಫರಿ ಜೋ ಕಾರ್ಟೆಜ್ ಹತ್ತು ಎಣಿಸಿದರು. ಸುತ್ತಿನ 2 ನಿಮಿಷ 3 ಸೆಕೆಂಡ್. ಪಟ್ಟ ಕಳೆದುಕೊಂಡು 20 ವರ್ಷ 6 ದಿನ ಆಗಿತ್ತು. ಕಿನ್ಶಾಸಾದಲ್ಲಿ ಅಲಿ ಮೂಲೆಯಲ್ಲಿದ್ದ ತರಬೇತುದಾರ ಏಂಜೆಲೊ ಡಂಡಿ ಅಂದು ಫೋರ್ಮನ್ ಮೂಲೆಯಲ್ಲಿದ್ದರು.

ಅದೃಷ್ಟದ ಪಾಲು ಹುಡುಕುವುದಾದರೆ ಎದುರಾಳಿಯ ಆಯ್ಕೆಯಲ್ಲಿ ಸಿಗಬಹುದು. 1993ರಲ್ಲಿ ಟಾಮಿ ಮಾರಿಸನ್ ರಿಂಗ್ ತುಂಬಾ ಓಡಾಡಿ, ಅಂಕದ ಮೇಲೆ ಇದೇ ಫೋರ್ಮನ್‌ನನ್ನು ಸೋಲಿಸಿದ್ದ. ಸರಿಯುತ್ತಲೇ ಇರುವವನನ್ನು ಹಿಡಿಯಲು ಅವನ ಕಾಲಿಗೆ ಆಗುತ್ತಿರಲಿಲ್ಲ. ಪಟ್ಟ ಬಂದ ಮೇಲೂ 1995ರಲ್ಲಿ ಆಕ್ಸೆಲ್ ಶುಲ್ಟ್ಜ್ ಎದುರಿನ ಗೆಲುವು ವಿವಾದವಾಯಿತು, ಮರುಪಂದ್ಯಕ್ಕೆ ಒಪ್ಪದೆ ಐಬಿಎಫ್ (ಅಂತರರಾಷ್ಟ್ರೀಯ ಬಾಕ್ಸಿಂಗ್ ಫೆಡರೇಶನ್) ಬೆಲ್ಟ್ ಕಳೆದುಕೊಂಡ.

ಪೂರ್ತಿ ಪಂದ್ಯ ನೋಡುವುದಾದರೆ ಎಂಟನೇ ಸುತ್ತಿನಿಂದ ಫೋರ್ಮನ್‌ನ ಕೈ ಬಿಟ್ಟು ಮೂರರ್‌ನ ಪಾದ ನೋಡಿ.