1926ರ ಟ್ರೇಡ್ ಯೂನಿಯನ್ ಕಾಯ್ದೆ ಏಕೆ ಬೇಕಾಯಿತು? ಕಾರ್ಮಿಕರು ಅದಕ್ಕೂ ಮೊದಲೇ ಸಂಘ ಕಟ್ಟುತ್ತಿದ್ದರಲ್ಲ?

ಕಟ್ಟುತ್ತಿದ್ದರು, ನಿಜ. ತೊಂದರೆ ಶುರುವಾದದ್ದು ಕೋರ್ಟಿನಲ್ಲಿ. ಮದ್ರಾಸ್ ಲೇಬರ್ ಯೂನಿಯನ್ 1918ರಲ್ಲಿ ಹುಟ್ಟಿತು, ಬಿ.ಪಿ. ವಾಡಿಯಾ ಅದರ ಅಧ್ಯಕ್ಷರು. ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳ ವಿವಾದದಲ್ಲಿ 1920ರಲ್ಲಿ ಆಡಳಿತ ವರ್ಗ ವಾಡಿಯಾ ವಿರುದ್ಧ ಹೈಕೋರ್ಟಿನ ಮೆಟ್ಟಿಲೇರಿತು: ಕೆಲಸಕ್ಕೆ ಹೋಗಬೇಡಿ ಎನ್ನುವುದೆಂದರೆ ಕೂಲಿಯ ಕರಾರು ಮುರಿಯಲು ಕುಮ್ಮಕ್ಕು ಕೊಟ್ಟಂತೆ ಎಂಬುದು ವಾದ. ತಡೆಯಾಜ್ಞೆಯೂ ಸಿಕ್ಕಿತು. ಸಂಘ ಇಟ್ಟುಕೊಳ್ಳಬಹುದು, ಆದರೆ ಅದು ಮಾಡಬೇಕಾದ ಕೆಲಸ ಮಾಡಿದರೆ ಮುಖಂಡನ ಮೇಲೆ ದಾವೆ! ವಿಚಿತ್ರ ಸ್ವಾತಂತ್ರ್ಯ.

ಕಾರ್ಮಿಕ ನಾಯಕ ಎನ್.ಎಂ. ಜೋಶಿ 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕೆಂದು ನಿರ್ಣಯ ತಂದರು. ಅದು ಅಂಗೀಕಾರವಾದರೂ ಕಾಯ್ದೆ ಬರಲು 1926 ಆಯಿತು, ಜಾರಿಗೆ 1927ರ ಜೂನ್.

ಅದರ ಜೀವಾಳ 17 ಮತ್ತು 18ನೇ ಸೆಕ್ಷನ್‌ಗಳು. ಮೊದಲನೆಯದು ಸಂಘದ ನ್ಯಾಯಬದ್ಧ ಉದ್ದೇಶಕ್ಕೆ ಸದಸ್ಯರು ಮಾಡಿಕೊಂಡ ಒಪ್ಪಂದವನ್ನು ಕ್ರಿಮಿನಲ್ ಒಳಸಂಚು ಎನ್ನದಂತೆ ತಡೆಯಿತು. ಎರಡನೆಯದು ನೇರವಾಗಿ ವಾಡಿಯಾ ಪ್ರಕರಣಕ್ಕೇ ಉತ್ತರ: ಕೈಗಾರಿಕಾ ವಿವಾದದಲ್ಲಿ ಕರಾರು ಮುರಿಯಲು ಪ್ರೇರೇಪಿಸಿದರು ಎಂಬುದೊಂದೇ ಕಾರಣಕ್ಕೆ ಸಿವಿಲ್ ದಾವೆ ನಿಲ್ಲದು. ನೋಂದಾಯಿತ ಸಂಘಕ್ಕೆ ಮಾತ್ರ ಈ ರಕ್ಷಣೆ. ಹೊಡೆದಾಟ, ಬೆದರಿಕೆಗೆ ಇಲ್ಲ.

ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ ಬೇರೆಯೇ ಇತ್ತು. ಸಂಘವನ್ನು ಗುರುತಿಸಿ ಮಾತುಕತೆಗೆ ಕೂರಲೇಬೇಕು ಎಂದು ಮಾಲೀಕನಿಗೆ ಕಾಯ್ದೆ ಹೇಳಲಿಲ್ಲ. ಹಾಗೆ ಹೇಳುವ 1947ರ ತಿದ್ದುಪಡಿ ಪಾಸಾಯಿತು, ಜಾರಿಗೆ ಬರಲೇ ಇಲ್ಲ. ಸಂಸತ್ತು 2020ರಲ್ಲಿ ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಹಲವು ಸಂಘಗಳಿರುವ ಕಡೆ ಶೇ 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ ಮಾಲೀಕನೊಂದಿಗೆ ಮಾತುಕತೆ ನಡೆಸುವ ಸ್ಥಾನ ಸಿಕ್ಕಿದೆ.